ಎಣ್ಣೆ ಹೊಡೆದ ಅಂಗಿ

ಬೆಂಗಳೂರಿಗೆ ಬಂದ ಹೊಸದರಲ್ಲಿ ಟೀಮಿನವರ ಮುಂದೆ "ನಮ್ಮಣ್ಣ ಬೆಳಿಗ್ಗೆಯಿಂದ ಎಣ್ಣೆ ಹೊಡೀತಿದಾನೆ, ಫೋನ್ ಎತ್ತಲ್ಲ" ಅಂದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಹಾವೇರಿ ಕಡೆ ಎಣ್ಣೆ ಅಂದರೆ ಬೆಳೆಗೆ ಹೊಡೆಯೋ ಕೀಟನಾಶಕ ಅಂತ ವಿವರಿಸೋಷ್ಟರಲ್ಲಿ ಕಾಫಿ ಬ್ರೇಕೇ ಮುಗಿದಿತ್ತು. ಬೇರೆ ಕಡೆ ಅದಕ್ಕೆ ಔಷಧಿ ಅಂತಾರೆ. ವಿಷ ಅಂತ ಮಾತ್ರ ಯಾರೂ ಅನ್ನಲ್ಲ, ನೋಡಿ.

ಕೆಲವು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಅತ್ತಿಗೆಗೆ ಏಳು ತಿಂಗಳು. ಅಣ್ಣ ಹತ್ತಿಗೆ ಎಣ್ಣೆ ಹೊಡೆದು ಬಂದು ಅಂಗಿ ಬಿಚ್ಚಿ ಬಚ್ಚಲಲ್ಲಿ ಎಸೆದ. ಅತ್ತಿಗೆ ಅದನ್ನು ಬರಿಗೈಲಿ ಮನೆಮಂದಿಯ ಬಟ್ಟೆ ಜೊತೆಗೇ ತಿಕ್ಕತೊಡಗಿದರು. ಪಕ್ಕದಲ್ಲಿ ಮೂರು ವರ್ಷದ ಮಗ ಖಾಲಿ ಬಾಟಲಿಗೆ ನೀರು ತುಂಬಿ ಆಡ್ತಿದ್ದ. ಬಾಟಲಿ ಮೇಲೆ ಮೊನೊಕ್ರೊಟೊಫಾಸ್ ಅಂತ ಹೆಸರು, ಕೆಂಪು ತ್ರಿಕೋನ.

ಆ ಕೆಂಪಿನ ಲೆಕ್ಕ ಹೀಗಿದೆ: ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಸಾಯೋಕೆ ದೇಹದ ತೂಕದ ಒಂದು ಕಿಲೋಗೆ 1ರಿಂದ 50 ಮಿಲಿಗ್ರಾಂ ಸಾಕು. ಅಂದರೆ ವಿಷದ ಲೆಕ್ಕ ಆಳಿನ ಮೇಲಲ್ಲ, ಕಿಲೋ ಮೇಲೆ. ಅಣ್ಣ 65 ಕಿಲೋ, ಅವನ ಮಗ 13. ಅದೇ ಹನಿ ಮಗನಿಗೆ ಐದು ಪಟ್ಟು.

ತೂಕ ಒಂದೇ ಆಗಿದ್ದರೆ ಭಾಗಾಕಾರ ಮಾಡಿ ಸುಮ್ಮನಾಗಬಹುದಿತ್ತು. ಕಿಲೋಗೆ ಲೆಕ್ಕ ಹಾಕಿದರೆ ಕೂಸು ದೊಡ್ಡವರ ಸುಮಾರು ಎರಡರಷ್ಟು ಗಾಳಿ ಎಳೆದುಕೊಳ್ಳುತ್ತೆ. ತೂಕಕ್ಕೆ ಹೋಲಿಸಿದರೆ ಅದರ ಚರ್ಮವೂ ಜಾಸ್ತಿ. ಈ ಜಾತಿಯ ಕೆಲವು ವಿಷಗಳನ್ನು ರಕ್ತದಲ್ಲೇ ಒಡೆದುಹಾಕೋ ಪ್ಯಾರಾಕ್ಸೊನೇಸ್ ಅನ್ನೋ ಕಿಣ್ವ ಹುಟ್ಟಿದ ಕೂಸಿನಲ್ಲಿ ದೊಡ್ಡವರಿಗಿಂತ ತುಂಬಾ ಕಡಿಮೆ. 2013ರ ಜುಲೈನಲ್ಲಿ ಬಿಹಾರದ ಛಾಪ್ರಾ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರಲ್ಲ, ಅಡುಗೆ ಎಣ್ಣೆಯಲ್ಲಿ ಸೇರಿದ್ದದ್ದು ಇದೇ ಮೊನೊಕ್ರೊಟೊಫಾಸ್.

ಹೆಣ್ಣು ಗಂಡಿನ ವಿಷಯ ಇಷ್ಟು ಸಲೀಸಿಲ್ಲ. ಪ್ಯಾರಾಥಿಯಾನ್ ಅನ್ನೋ ಹಳೇ ಕೀಟನಾಶಕವನ್ನು 1960ರ ಸುಮಾರಿಗೆ ಇಲಿಗಳಿಗೆ ಕೊಟ್ಟು ನೋಡಿದಾಗ ಗಂಡಿಗೆ ಕಿಲೋಗೆ 13 ಮಿಲಿಗ್ರಾಂ ಬೇಕಾಯ್ತು, ಹೆಣ್ಣಿಗೆ 4 ಕೂಡ ಬೇಕಾಗಲಿಲ್ಲ. ಅದರ ತಮ್ಮನಂಥ ಮೀಥೈಲ್ ಪ್ಯಾರಾಥಿಯಾನ್‌ಗೆ ಬಂದರೆ ಲೆಕ್ಕ ಉಲ್ಟಾ, ಗಂಡಿಲಿಗೇ ಮೊದಲ ಪೆಟ್ಟು. ಹಾಗಾಗಿ ಹೆಂಗಸರು ನಾಜೂಕು ಅನ್ನೋ ಹಳೇ ಮಾತನ್ನು ಇಲ್ಲಿಗೆ ತರಬೇಡಿ. ಆದರೆ ಬಸಿರು ಬೇರೆ ವಿಚಾರ. ಇಂಥ ವಿಷಗಳು ಕಟ್ಟಿಹಾಕೋದು ನರಗಳ ಕೆಲಸಕ್ಕೆ ಬೇಕಾದ ಕೋಲಿನ್‌ಎಸ್ಟರೇಸ್ ಅನ್ನೋ ಕಿಣ್ವವನ್ನು. ಅದರದೇ ಇನ್ನೊಂದು ರೂಪ ರಕ್ತದಲ್ಲಿದ್ದು, ಬಂದ ವಿಷದಲ್ಲಿ ಸ್ವಲ್ಪವನ್ನು ತಾನೇ ಹೀರಿಕೊಂಡು ನರಗಳನ್ನು ಕಾಯುತ್ತೆ. ಬಸುರಿಯರಲ್ಲಿ ಆ ಕಾವಲುಗಾರನೇ ಕಡಿಮೆಯಾಗಿರುತ್ತೆ. ಸಾಲದ್ದಕ್ಕೆ ವಿಷ ಮಾಸು ದಾಟಿ ಕೂಸಿಗೂ ಹೋಗಬಲ್ಲದು. ಬಾಟಲಿ ಮೇಲಿನ ಎಚ್ಚರಿಕೆಯೆಲ್ಲ ಹೊಡೆಯೋನಿಗೆ. ಒಗೆಯೋರ ನೆನಪು ಅದಕ್ಕಿಲ್ಲ.

ಇದನ್ನೇ ಅವ್ವನಿಗೆ ಹೇಳಿದೆ.

"ನೀ ಹೊಟ್ಟ್ಯಾಗ ಇದ್ದಾಗ ನಾನೂ ಇದನ್ನ ಮಾಡೀನಿ. ನಿನಗೇನಾಗೇತಿ? ಇಂಜಿನಿಯರ್ ಆಗಿಲ್ಲೇನು?"

"ನನ್ನ ಮಷೀನ್‌ನಲ್ಲಿ ಓಡ್ತಿದೆಯಲ್ಲ" ಅಂತ ನಮ್ಮ ಡೆವಲಪರ್‌ಗಳು ವಾದಿಸ್ತಾರಲ್ಲ, ಥೇಟ್ ಅದೇ. ನಾನು ಉಳಿದೆ, ನಿಜ. ನನಗಿಂತ ಮುಂಚಿನ ಕೂಸು ಉಳಿಯಲಿಲ್ಲ. ಅದಕ್ಕೆ ಕಾರಣ ಯಾರಿಗೂ ಗೊತ್ತಿಲ್ಲ, ನಾನೂ ಅದನ್ನು ಎಣ್ಣೆಯ ಮೇಲೆ ಹಾಕಲ್ಲ, ಅವ್ವನಿಗೆ ನೆನಪೂ ಮಾಡಲಿಲ್ಲ. "ನಂದು ಬಿಡು ಬೇ, ಈಗ ಅತ್ತಿಗೀದು ನೋಡು" ಅಂದೆ ಅಷ್ಟೇ.

ಅಣ್ಣ ಏನೂ ಮಾತಾಡಲಿಲ್ಲ. ಮರುದಿನ ನೋಡಿದರೆ ಹಿತ್ತಲಲ್ಲಿ ಹಳೇ ಬಕೆಟ್ ಇಟ್ಟುಕೊಂಡು, ಕೈಗೆ ಗ್ಲೌಸ್ ಹಾಕಿ, ತನ್ನ ಅಂಗಿ ತಾನೇ ಒಗೀತಿದ್ದ. ಓಣಿಯ ಗಂಡಸರು ನಕ್ಕರಂತೆ. ಬಾಟಲಿ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ಒಗೆಯಾಕ ಮನಸ್ಸು ಬರಂಗಿಲ್ಲ ಅಂತ ಅವ್ವ ಎರಡನ್ನು ತೊಳೆದು ಅಡುಗೆಮನೆ ಮಾಡದಲ್ಲಿ ಇಟ್ಟಿದಾಳೆ.