ಹಿಡಿಯುವುದು, ಬಿಡುವುದು

ಕ್ಲಚ್ಚಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಯಾರಾದರೂ ಕೇಳಿದರೆ, ಕನ್ನಡ ಎಂ.ಎ. ಮಾಡಿ ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನಾನು ಕ್ಲಚ್ ಎಂದೇ ಹೇಳುತ್ತೇನೆ. ಪಾರಿಭಾಷಿಕ ಪದಗಳನ್ನು ಕಡೆಯುವ ಮಹನೀಯರು ಇದಕ್ಕೂ ಒಂದು ಗಂಭೀರವಾದ ಹೆಸರಿಟ್ಟಿರಬಹುದು. ಅದನ್ನು ಹೇಳಿದರೆ ನಮ್ಮೂರಿನ ಯಾವ ಮೆಕ್ಯಾನಿಕ್ಕೂ ತಲೆಯೆತ್ತಿ ನೋಡಲಾರ. "ಕ್ಲಚ್ ಪ್ಲೇಟು ಹೋಗಿದೆ ಸಾರ್" ಎಂದರೆ ಅದು ಅಚ್ಚ ಕನ್ನಡವೇ. ಆ ಪ್ಲೇಟು ಹೋಗುವುದು ಎಂದರೇನು ಎಂಬುದನ್ನು ಕಣ್ಣಾರೆ ಕಂಡದ್ದು ಮಾತ್ರ ಕಳೆದ ರಜೆಯಲ್ಲಿ, ಇಂಗ್ಲೆಂಡಿನ ಷೆಫೀಲ್ಡಿನಲ್ಲಿರುವ ನನ್ನ ಅಣ್ಣನ ಮನೆಯ ಗ್ಯಾರೇಜಿನಲ್ಲಿ.

ಅಣ್ಣ ಮೂಳೆ ವೈದ್ಯ. ವಾರವೆಲ್ಲ ಆಸ್ಪತ್ರೆಯಲ್ಲಿ ಸ್ಕ್ರೂ ತಿರುಗಿಸಿ ಸಾಲದೆಂದು ಭಾನುವಾರವೂ ಅದೇ ಕೆಲಸವನ್ನು ತನ್ನ ಎಂ.ಜಿ.ಬಿ. ಕಾರಿಗೆ ಮಾಡುತ್ತಾನೆ. 1972ರ ಗಾಡಿ, ತಲೆಯ ಮೇಲೆ ಬಟ್ಟೆಯ ಮಾಡು, ಮುಂದೆ ಇಬ್ಬರಿಗೆ ಮಾತ್ರ ಜಾಗ, ಮೂರನೆಯವನಿಗೆ ಕಾಲುದಾರಿ. 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಿಂದ ಇಂಥವು ಐದು ಲಕ್ಷಕ್ಕೂ ಮಿಕ್ಕಿ ಹೊರಬಂದವಂತೆ. ಆಮೇಲೆ ಕಾರ್ಖಾನೆಯೇ ಮುಚ್ಚಿಹೋಯಿತು. ಇದು ಸಾಹೇಬರ ಗಾಡಿ, ನಮಗೂ ಅದಕ್ಕೂ ಏನು ನಂಟು ಎಂದು ನಾನು ಕೇಳಿದ್ದಕ್ಕೆ ಅಣ್ಣ ಬಾನೆಟ್ ಎತ್ತಿ ತೋರಿಸಿದ. ನಮ್ಮ ಅಂಬಾಸಡರ್ ಅನೇಕ ವರ್ಷ ಹೊತ್ತು ತಿರುಗಿದ 1489 ಸಿ.ಸಿ. ಇಂಜಿನ್ನೂ ಈ 1798 ಸಿ.ಸಿ. ಇಂಜಿನ್ನೂ ಒಂದೇ ವಂಶದವು, ದಾಯಾದಿಗಳು. ಹಾಸನದಲ್ಲಿ ನಾವು ಹುಡುಗರಾಗಿದ್ದಾಗ ಶಾಲೆ ಬಿಟ್ಟೊಡನೆ ಅಣ್ಣ ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದ ಷೆಡ್ಡಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದುದು ನೆನಪಾಯಿತು. ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದವನಿಗೆ ಅಪ್ಪ ಹಿತ್ತಿಲ ಬಾಗಿಲಿನಿಂದಲೇ ಪ್ರವೇಶ ಕೊಡುತ್ತಿದ್ದರು.

ಷೆಫೀಲ್ಡ್ ಏರಿಳಿತದ ಊರು. ನಾನು ಹೋದ ಮೊದಲ ವಾರವೇ ಮನೆಯ ಹಿಂದಿನ ಏರಿನಲ್ಲಿ ಇಂಜಿನ್ ಮಾತ್ರ ಅಬ್ಬರಿಸಿತು, ಗಾಡಿ ಮುಂದಕ್ಕೆ ಹೋಗಲೊಲ್ಲದು. ನಮ್ಮ ಸಭೆಗಳ ಕೆಲವು ಭಾಷಣಕಾರರ ನೆನಪು ಬಂತು. ಅಣ್ಣ "ಜಾರುತ್ತಿದೆ" ಎಂದ, ಅಷ್ಟೆ.

ಜಾರುವುದೆಂದರೇನು? ಇಂಜಿನ್ ತಿರುಗುತ್ತಲೇ ಇರಬೇಕು, ಚಕ್ರ ಬೇಕಾದಾಗ ನಿಲ್ಲಬೇಕು. ಈ ಇಬ್ಬರ ನಡುವಿನ ಸಂಧಾನಕ್ಕೆ ಎಂಟಂಗುಲದ ಒಂದು ಬಿಲ್ಲೆ. ಎರಡು ಮೈಗೂ ಒರಟು ಪಟ್ಟಿ ಹಚ್ಚಿದ ಅದನ್ನು ಇಂಜಿನ್ನಿನ ಭಾರದ ಗಾಲಿಗೆ ಒತ್ತಿ ಹಿಡಿಯಲು ಸ್ಪ್ರಿಂಗ್ ಇರುವ ಇನ್ನೊಂದು ತಟ್ಟೆ. ಪೆಡಲ್ ತುಳಿದರೆ ಇದ್ದಲಿನಂಥ ಕಪ್ಪು ಕಾರ್ಬನ್ ಬಳೆಯೊಂದು ಬಂದು ಸ್ಪ್ರಿಂಗಿನ ನಡುವನ್ನು ಒತ್ತುತ್ತದೆ, ಬಿಲ್ಲೆ ಬಿಡುಗಡೆಯಾಗುತ್ತದೆ. ಕಾಲು ತೆಗೆದರೆ ಮತ್ತೆ ಹಿಡಿತ. ಒಮ್ಮೆಲೇ ಹಿಡಿದರೆ ಗಾಡಿ ಕುಪ್ಪಳಿಸಿ ನಿಂತೀತು. ಆದ್ದರಿಂದ ಮೊದಲ ಕ್ಷಣ ಬಿಲ್ಲೆ ಕೊಂಚ ಜಾರುತ್ತದೆ, ಆ ಜಾರುವಿಕೆಯಲ್ಲಿ ಕೊಂಚ ಸವೆಯುತ್ತದೆ. ನಮ್ಮ ಮೈ ಜಗ್ಗದೆ ಗಾಡಿ ಹೊರಡುವುದು ಈ ಸವೆತದ ದಯೆಯಿಂದ. ಪಟ್ಟಿ ತೀರಾ ತೆಳುವಾಗಿ ರಿವೆಟ್ಟಿನ ತಲೆ ಕಂಡ ದಿನ ಬಿಲ್ಲೆಯ ಆಯುಸ್ಸು ಮುಗಿಯಿತು.

ಇನ್ನು ಅಣ್ಣನ ಮಗನ ವಿಷಯ. ಹದಿನೆಂಟು ವರ್ಷದ ಹುಡುಗ, ಸೆಪ್ಟೆಂಬರಿಗೆ ದೂರದ ಊರಿನ ವಿಶ್ವವಿದ್ಯಾನಿಲಯಕ್ಕೆ ಹೊರಡುವವನು. ಮನೆಯಲ್ಲಿ ಆಡುವ ಕನ್ನಡ ಅವನಿಗೆ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಹೊರಡದು. ಪ್ರತಿ ಭಾನುವಾರ ಹಾಸನದಿಂದ ನಮ್ಮ ತಾಯಿಯ ಫೋನು ಬರುತ್ತದೆ. "ಚೆನ್ನಾಗಿದ್ದೀನಿ ಅಜ್ಜಿ, ಊಟ ಆಯ್ತು, ಅಪ್ಪಂಗೆ ಕೊಡ್ತೀನಿ" ಎಂದು ಹುಡುಗ ಜಾಗ ಖಾಲಿ ಮಾಡುತ್ತಾನೆ. ಅಮ್ಮನಿಗೆ ಎಂಬತ್ತೊಂದು. ಇಂಗ್ಲಿಷ್ ಕಲಿಯುವ ಉತ್ಸಾಹವೇನೂ ಆಕೆಯಲ್ಲಿ ಕಂಡಿಲ್ಲ. "ಇವನು ಮನೆ ಬಿಟ್ಟ ಮೇಲೆ ಅಷ್ಟೂ ಹೋಗುತ್ತದೆ ಕಣೋ" ಎಂದು ಅಣ್ಣ ಒಂದು ರಾತ್ರಿ ಪಾತ್ರೆ ಒರೆಸುತ್ತ ಹೇಳಿದ. ನಾನು ದಿನಕ್ಕೊಂದು ಗಂಟೆ ಪಾಠಕ್ಕೆ ಕೂರಿಸಿದೆ. ಹುಡುಗ ವಿನಯವಂತ, ಆಕಳಿಕೆಯನ್ನು ಕೈಯಿಂದ ಮರೆಮಾಡುತ್ತಿದ್ದ.

ಈ ಗಾಡಿಯಲ್ಲಿ ಕ್ಲಚ್ಚನ್ನು ಮುಟ್ಟಬೇಕಾದರೆ ಇಂಜಿನ್ನನ್ನೇ ಮೇಲೆತ್ತಬೇಕು. ಬೇರೆ ಎಷ್ಟೋ ಗಾಡಿಗಳಲ್ಲಿ ಗೇರ್ ಪೆಟ್ಟಿಗೆಯನ್ನು ಕೆಳಗಿಳಿಸಿದರೆ ಸಾಕು, ಇಲ್ಲಿ ಅದು ಕೆಳಗಿಳಿಯದು. ಅಂಗೈಯಗಲದ ಬಿಲ್ಲೆಗಾಗಿ ಒಂದೂವರೆ ಕ್ವಿಂಟಲಿಗೂ ಮಿಕ್ಕ ಕಬ್ಬಿಣ! ಬಾಡಿಗೆಗೆ ಪುಟ್ಟ ಕ್ರೇನ್ ಬಂತು. ಸೀಟಿನ ಹಿಂದೆ ಅಡಗಿದ್ದ ಎರಡು ಆರು ವೋಲ್ಟಿನ ಬ್ಯಾಟರಿಗಳ ತಂತಿ ಕಳಚಿದೆವು. ಬಾನೆಟ್ ಹೋಯಿತು, ನೀರು ಇಳಿಯಿತು, ರೇಡಿಯೇಟರ್ ಹೊರಬಂತು. ಗೇರ್ ಪೆಟ್ಟಿಗೆಯ ಹೊಟ್ಟೆಗೆ ಜಾಕ್ ಕೊಟ್ಟು, ಎರಡನ್ನೂ ಬಿಗಿದ ಬೋಲ್ಟುಗಳನ್ನು ಸಡಿಲಿಸಲು ಅಣ್ಣ ಗಾಡಿಯ ಕೆಳಗೆ ಅಂಗಾತ ಮಲಗಿದ. ಮೇಲೆ ಹುಡುಗ. ದೀಪ ಹಿಡಿಯುವ ಘನಕಾರ್ಯ ಪಂಡಿತರದು.

ಗಾಡಿಯ ಕೆಳಗಿದ್ದ ಅಣ್ಣನ ನಾಲಗೆಯಿಂದ ಮೂವತ್ತು ವರ್ಷದ ಇಂಗ್ಲೆಂಡ್ ಕಳಚಿ ಬಿತ್ತು. ಹಾಸನದ ಷೆಡ್ಡಿನ ಭಾಷೆ ಹೊರಟಿತು. "ಹಿಡ್ಕೊ. ಬಿಡಬೇಡ. ಒಂಚೂರು ಎತ್ತು. ಸಾಕು! ವಾರೆ ಆಯ್ತು, ಈ ಕಡೆ ದೂಡು. ಈಗ ಬಿಡು, ಮೆತ್ತಗೆ." ಬೈಗುಳವೂ ಒಂದೆರಡು ಇದ್ದವು, ಅವನ್ನು ಇಲ್ಲಿ ಬಿಟ್ಟಿದ್ದೇನೆ. ಹುಡುಗ ಮೊದಲು ಕೈಯಿಂದ ಉತ್ತರ ಕೊಡುತ್ತಿದ್ದ. ಇಂಜಿನ್ ಸರಪಣಿಯಲ್ಲಿ ತೂಗಾಡುತ್ತ ಮೇಲೆದ್ದಾಗ ಕೆಳಗಿದ್ದವನಿಗೆ ಮೇಲಿನದು ಕಾಣದು, ಹೇಳಲೇಬೇಕು. "ಅಪ್ಪ, ತಗಲುತ್ತೆ! ನಿಲ್ಸು!" ಎಂದು ಹುಡುಗ ಕೂಗಿದ. "ತಗಲುತ್ತೆ" ಎಂಬುದು ನನ್ನ ಪಾಠದಲ್ಲಿ ಇರಲಿಲ್ಲ.

ಹಳೆಯ ಬಿಲ್ಲೆಯ ಧೂಳನ್ನು ಉಫ್ ಎಂದು ಊದಲು ಅಣ್ಣ ಬಿಡಲಿಲ್ಲ. ಬ್ರಿಟನ್ನಿನಲ್ಲಿ ಕಲ್ನಾರನ್ನು ನಿಷೇಧಿಸಿದ್ದು 1999ರಲ್ಲಿ; ಈ ಪಟ್ಟಿ ಯಾವ ಕಾಲದ್ದೋ. ಮೂಗಿಗೆ ಮುಸುಕು, ಒದ್ದೆ ಬಟ್ಟೆಯಲ್ಲಿ ಒರೆಸಿದ್ದು, ಬಿಲ್ಲೆಯನ್ನು ಚೀಲದಲ್ಲಿ ಕಟ್ಟಿಟ್ಟದ್ದು, ಎಲ್ಲ ಆಸ್ಪತ್ರೆಯ ಶಿಸ್ತಿನಿಂದ ನಡೆಯಿತು.

ಕಷ್ಟದ ಕೆಲಸ ಮುಂದಿನ ವಾರಕ್ಕೆ ಕಾದಿತ್ತು. ಹೊಸ ಬಿಲ್ಲೆ ಗಾಲಿಯ ನಟ್ಟನಡುವೆ ಕೂರಬೇಕು. ಅದಕ್ಕೊಂದು ಅಳತೆಯ ಕಡ್ಡಿ ತೂರಿಸಿ, ಸುತ್ತಲಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಆಮೇಲೆ ಇಂಜಿನ್ನನ್ನು ಇಳಿಸಿ ಹಿಂದಕ್ಕೆ ಸರಿಸಿದರೆ, ಗೇರ್ ಪೆಟ್ಟಿಗೆಯಿಂದ ಚಾಚಿದ ಹಲ್ಲುಗಳ ದಂಡ ಬಿಲ್ಲೆಯ ತೂತಿನೊಳಗೆ ಸೇರಬೇಕು. ಸೇರದು. ಇಂಜಿನ್ನಿನ ಭಾರ ದಂಡದ ಮೇಲೆ ಬೀಳುವಂತಿಲ್ಲ, ಬಲವಂತ ಕೂಡದು. ಅರ್ಧ ಅಂಗುಲ ಉಳಿದಿತ್ತು, ಒಂದು ಗಂಟೆ ಕಳೆದಿತ್ತು. ಕೊನೆಗೆ ಗಾಡಿಯನ್ನು ಗೇರಿಗೆ ಹಾಕಿ, ಹುಡುಗ ಮುಂದಿನಿಂದ ಇಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸಿದ. ಹಲ್ಲಿಗೆ ಹಲ್ಲು ಕೂಡಿತು. ಸದ್ದೂ ಆಗಲಿಲ್ಲ, ಆ ಅರ್ಧ ಅಂಗುಲ ಇಲ್ಲವಾಯಿತು.

ಸಂಜೆ ಪರೀಕ್ಷೆ. ಹದಿನೆಂಟರ ಹುಡುಗನ ಕೈಗೆ ಇಂಥ ಗಾಡಿ ಕೊಟ್ಟರೆ ವಿಮೆಯ ಹಣಕ್ಕೇ ಇನ್ನೊಂದು ಗಾಡಿ ಬರುವುದರಿಂದ ಚಕ್ರ ಹಿಡಿದವನು ಅಣ್ಣ, ಪಕ್ಕದಲ್ಲಿ ಮಗ. ನಾನು ಏರಿನ ತುದಿಯಲ್ಲಿ ನಿಂತಿದ್ದೆ. ಮಾಡು ಮಡಚಿದ ಗಾಡಿ ಕೆಳಗಿನ ತಿರುವಿನಲ್ಲಿ ಕಾಣಿಸಿ, ಅಬ್ಬರವಿಲ್ಲದೆ, ಒಂದೇ ಉಸಿರಿಗೆ ಮೇಲೆ ಬಂತು. "ಹಿಡೀತು ಚಿಕ್ಕಪ್ಪ, ಹಿಡೀತು!" ಎಂದು ಹುಡುಗ ಕೂಗಿದ್ದು ಅಕ್ಕಪಕ್ಕದ ಇಂಗ್ಲಿಷರಿಗೂ ಕೇಳಿಸಿರಬೇಕು. ಮನೆಯ ಮುಂದೆ ನಿಂತ ಗಾಡಿ ಎರಡು ಹನಿ ಎಣ್ಣೆ ಕಾರಿತು. ಅಣ್ಣ ಕೋಟು ಬಿಚ್ಚಿ ಮತ್ತೆ ಕೆಳಗೆ ಹೋದ.

ಆ ಹೊತ್ತಿಗೆ ಫೋನು. ಹಾಸನದಲ್ಲಿ ರಾತ್ರಿ ಹನ್ನೊಂದರ ಹತ್ತಿರ. ಅಮ್ಮ ನಿದ್ದೆ ಬಾರದೆ ಕುಳಿತಿದ್ದಳು. ಅಪ್ಪ ಗಾಡಿಯ ಕೆಳಗಿದ್ದುದರಿಂದ ಹುಡುಗನಿಗೆ ಫೋನನ್ನು ದಾಟಿಸಲು ಯಾರೂ ಇರಲಿಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡಿದ್ದೆ. "ಅಜ್ಜಿ, ನಾವು ಇಂಜಿನ್ ಎತ್ತಿದ್ವಿ" ಎಂದು ಶುರುಮಾಡಿದ.

"ಯಾಕಪ್ಪಾ ಎತ್ತಿದ್ರಿ?"

"ಅದು ಹಿಡೀತಿರ್ಲಿಲ್ಲ."

"ಯಾರಿಗೂ ಏಟಾಗ್ಲಿಲ್ಲ ತಾನೆ?"

ಏಟು ಎಂಬ ಮಾತು ಅವನಿಗೆ ಗೊತ್ತಿಲ್ಲ. ನನ್ನ ಕಡೆ ನೋಡಿದ. ನಾನು ಅವನ ಗೆಣ್ಣಿನ ಮೇಲೆ ಸುಲಿದುಹೋಗಿದ್ದ ಚರ್ಮವನ್ನು ತೋರಿಸಿದೆ. ಹುಡುಗ ಫೋನಿನ ಕಣ್ಣಿಗೆ ಆ ಕೈ ಹಿಡಿದು, "ಇಲ್ಲಿ ಏಟು, ಅಜ್ಜಿ. ಒಂಚೂರು" ಎಂದ.