ಓದಿ ಹೇಳಲಾಯಿತು, ಸರಿ ಇದೆ

ನಾನು ಮಾಡುವ ಕೆಲಸ ಯಾವುದೆಂದು ನಮ್ಮೂರಿನವರಿಗೆ ಒಂದೇ ಮಾತಿನಲ್ಲಿ ತಿಳಿಸುವುದು ಇವತ್ತಿಗೂ ನನ್ನಿಂದಾಗಿಲ್ಲ. ರಾಣೆಬೆನ್ನೂರಿಗೆ ಹೋದಾಗಲೆಲ್ಲ ಓಣಿಯ ಹಿರಿಯರು, "ಏನವಾ, ಬೆಂಗಳೂರಾಗ ಟೇಲರಿಂಗ್ ಮಾಡ್ತೀಯಂತಲ್ಲ, ಚಲೋ ಆತು" ಎನ್ನುತ್ತಾರೆ. ಅಲ್ಲವೆಂದರೆ, "ಹಂಗಾರ ಸಿನಿಮಾದವರಿಗೆ ಮೇಕಪ್ ಮಾಡ್ತಿ ಏನು?" ಎಂದು ಕೇಳುತ್ತಾರೆ. ಎರಡೂ ಅಲ್ಲ. ನಾನು ಬಟ್ಟೆ ಹೊಲಿಯುವುದಿಲ್ಲ, ಹೊಸ ಉಡುಪಿನ ವಿನ್ಯಾಸ ಮಾಡುವುದೂ ಇಲ್ಲ. ಜಾಹೀರಾತಿಗೋ ಕ್ಯಾಟಲಾಗಿಗೋ ಫೋಟೋ ತೆಗೆಯುವಾಗ ಯಾರು ಯಾವ ಬಟ್ಟೆಯನ್ನು ಹೇಗೆ ಉಡಬೇಕು, ಅದಕ್ಕೆ ಯಾವ ಕುಪ್ಪಸ, ಯಾವ ಓಲೆ, ಯಾವ ಚಪ್ಪಲಿ, ತುರುಬೋ ಜಡೆಯೋ ಎಂಬುದನ್ನು ಆರಿಸಿ, ತಂದು, ಹೊಂದಿಸಿ, ಉಡಿಸಿ, ಕೊನೆಗೆ ಎಲ್ಲವನ್ನೂ ಲೆಕ್ಕ ಹಿಡಿದು ಹಿಂದಿರುಗಿಸುವವಳು ನಾನು. ಇದಕ್ಕೆ ಫ್ಯಾಷನ್ ಸ್ಟೈಲಿಂಗ್ ಎನ್ನುತ್ತಾರೆ. ನನ್ನ ಚೀಲದಲ್ಲಿ ಸೂಜಿದಾರಕ್ಕಿಂತ ಪಿನ್ನು, ಕ್ಲಿಪ್ಪು, ಎರಡೂ ಕಡೆ ಅಂಟುವ ಟೇಪುಗಳೇ ಹೆಚ್ಚು. ಫೋಟೋದಲ್ಲಿ ಮೈಗೆ ಅಚ್ಚುಕಟ್ಟಾಗಿ ಕೂತಂತೆ ಕಾಣುವ ಎಷ್ಟೋ ಕುಪ್ಪಸಗಳ ಬೆನ್ನಿಗೆ ನಾಲ್ಕಾರು ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತವೆ ಎಂಬ ಗುಟ್ಟನ್ನು ಬೇಕಾದರೆ ಇಲ್ಲೇ ಹೇಳಿಬಿಡುತ್ತೇನೆ.

ಈ ಕೋರ್ಸಿಗೆ ಸೇರಬೇಕೆನ್ನುವ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಂದಿರು, ನನ್ನನ್ನು ಕೇಳುವುದು ಹೀಗೆ: ಚಿತ್ರ ಬರೆಯಲು ಬರಬೇಕೇ? ಬಣ್ಣದ ತಿಳಿವಳಿಕೆ ಬೇಕೇ? ಇಂಗ್ಲಿಷ್ ಚೆನ್ನಾಗಿರಬೇಕೇ? ಎಲ್ಲವೂ ಇದ್ದರೆ ಒಳ್ಳೆಯದೇ. ದೆಹಲಿಯಲ್ಲಿ 1986ರಲ್ಲಿ ಶುರುವಾದ ನಿಫ್ಟ್ 1997ರಲ್ಲಿ ಬೆಂಗಳೂರಿಗೂ ಬಂತು. ಈಗಂತೂ ಖಾಸಗಿ ಕಾಲೇಜುಗಳಿಗೆ ಬರವಿಲ್ಲ. ಬಣ್ಣ, ಬಟ್ಟೆ, ಕ್ಯಾಮೆರಾ ಎಲ್ಲವನ್ನೂ ನನಗೂ ಕಲಿಸಿದರು. ನಾನು ಎಡವಿದ್ದು ಮಾತ್ರ ಬೇರೆ ಕಡೆ.

ಕೆಲಸ ಕೊಡುವವರಿಗೆ ಏನು ಬೇಕೆಂಬುದನ್ನು ಕೇಳಿ ತಿಳಿದು ಬರೆದುಕೊಳ್ಳುವ ಪತ್ರಕ್ಕೆ ನಮ್ಮಲ್ಲಿ ಬ್ರೀಫ್ ಎಂದು ಹೆಸರು. ಈ ಮಾತನ್ನು ಮೊದಲ ಸಲ ಮನೆಯಲ್ಲಿ ಆಡಿದಾಗ ಅಪ್ಪ ಪೇಪರಿನಿಂದ ತಲೆಯೆತ್ತಿ, "ಬ್ರೀಫ್ ಅಂದ್ರ ವಕೀಲರ ಕಡೆ ಇರೂದಲ್ಲೇನು?" ಎಂದರು. ಅಪ್ಪ 32 ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಪಿಯುಸಿಯಲ್ಲಿ ವಿಜ್ಞಾನ ಓದಿದ ಮಗಳು ಕಡೆಗೆ ಬಟ್ಟೆ ಉಡಿಸುವ ವಿದ್ಯೆಗೆ ಹೋದದ್ದು ಅವರಿಗೆ ಸರಿಬಂದಿರಲಿಲ್ಲ. ಬೇಡವೆನ್ನಲೂ ಇಲ್ಲ. ಸೊಸೈಟಿಯಲ್ಲಿ ಸಾಲ ತೆಗೆದು ಫೀ ಕಟ್ಟಿ ಸುಮ್ಮನಾದರು. ಅವರು ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಕೋರ್ಸು ಮುಗಿಸಿ ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಬೆಂಗಳೂರಿನ ಒಂದು ಸೀರೆ ಅಂಗಡಿಯ ಹಬ್ಬದ ಕ್ಯಾಟಲಾಗು. ಮಾಲೀಕರು ಕಾಫಿ ತರಿಸಿಕೊಟ್ಟು, "ನೋಡಮ್ಮ, ಸ್ವಲ್ಪ ಮಾಡರ್ನ್ ಆಗಿರಲಿ, ಆದರೆ ನಮ್ಮ ಸಂಪ್ರದಾಯ ಬಿಡಬಾರದು. ನಿನಗೆ ಗೊತ್ತಲ್ಲ" ಎಂದರು. ನಾನು ಗೊತ್ತು ಎಂದು ತಲೆಯಾಡಿಸಿದೆ. ಏನು ಗೊತ್ತಿತ್ತು? ಅವರ 'ಮಾಡರ್ನ್' ತೋಳಿಲ್ಲದ ಕುಪ್ಪಸದವರೆಗೆ ಹೋಗುತ್ತದೆಯೋ, ಹಣೆಗೆ ಚಿಕ್ಕ ಬಿಂದಿ ಇಡುವಲ್ಲಿಗೇ ನಿಲ್ಲುತ್ತದೆಯೋ ಎಂಬುದನ್ನು ನಾನು ಕೇಳಲೇ ಇಲ್ಲ. ಕೇಳಿದರೆ ಅನುಭವವಿಲ್ಲದವಳು ಎಂದುಕೊಂಡಾರು ಎಂಬ ಅಂಜಿಕೆ.

ಎರಡು ದಿನ ಊಟ ನಿದ್ದೆ ಬಿಟ್ಟು ದುಡಿದೆ. ಸೆರಗನ್ನು ನಾಲ್ಕು ಬೆರಳಗಲ ಮಡಿಸಿ ಭುಜಕ್ಕೆ ಪಿನ್ನು ಹಾಕಿದೆ. ಸೊಂಟಕ್ಕೆ ಚರ್ಮದ ಬೆಲ್ಟು ಬಿಗಿದೆ. ಚಿತ್ರಗಳನ್ನು ನೋಡಿ ಫೋಟೋಗ್ರಾಫರ್ ನನ್ನ ಕೈ ಕುಲುಕಿದ. ಮಾಲೀಕರು ಒಂದೊಂದನ್ನೇ ನೋಡುತ್ತ ಹೋಗಿ ಕೊನೆಗೆ, "ಫೋಟೋ ಚೆನ್ನಾಗಿದೆಯಮ್ಮ. ಸೀರೆ ಎಲ್ಲಿದೆ?" ಎಂದರು. ಅವರ ಅಂಗಡಿಗೆ ಬರುವವರು ಮಗಳ ಮದುವೆಗೆ ಸೀರೆ ಕೊಳ್ಳುವ ತಾಯಂದಿರು. ಅವರು ಮೊದಲು ನೋಡುವುದು ಸೆರಗು, ಆಮೇಲೆ ಅಂಚು. ನಾನು ಒಂದನ್ನು ಮಡಿಸಿಟ್ಟಿದ್ದೆ, ಇನ್ನೊಂದರ ಮೇಲೆ ಬೆಲ್ಟು ಕಟ್ಟಿದ್ದೆ.

ಅವರು ಹಣ ಕೊಡಲಿಲ್ಲ. ಬರಹದಲ್ಲಿ ಏನೂ ಇಲ್ಲದ್ದರಿಂದ ಕೇಳುವುದಕ್ಕೆ ನನಗೂ ಬಾಯಿಲ್ಲ. ಒಡವೆ ಬಾಡಿಗೆ ಕೊಟ್ಟವನಿಗೆ, ಮೇಕಪ್ಪಿನವಳಿಗೆ ಸೇರಿ 18 ಸಾವಿರ ರೂಪಾಯಿ ಕೈಯಿಂದ ಕೊಡಬೇಕಾಗಿ ಬಂತು. ಅದನ್ನೂ ಅಪ್ಪನೇ ಕಳಿಸಿದರು.

ಆ ಸಲ ಊರಿಗೆ ಹೋದಾಗ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. "ಅವರು ಹೇಳಿದ್ದನ್ನ ಬರಕೊಂಡಿದ್ದೆ ಏನು? ಬರಕೊಂಡದ್ದನ್ನ ಅವರಿಗೆ ಓದಿ ಹೇಳಿದ್ದೆ ಏನು?" ಎರಡೂ ಇಲ್ಲ. ಆಗ ಅವರು ಕೋರ್ಟಿನ ಪದ್ಧತಿ ಹೇಳಿದರು. ಕಟಕಟೆಯಲ್ಲಿ ಸಾಕ್ಷಿ ಹೇಳಿದ್ದನ್ನು ಬರೆದುಕೊಂಡರೆ ಮುಗಿಯಲಿಲ್ಲ. ಅದನ್ನು ಅವನಿಗೇ ಓದಿ ಹೇಳಬೇಕು. ಅವನು ಹೂಂ ಎಂದ ಮೇಲೆ 'ಓದಿ ಹೇಳಲಾಯಿತು, ಸರಿ ಇದೆ' ಎಂದು ಬರೆದು ಸಹಿ ತೆಗೆದುಕೊಳ್ಳಬೇಕು. "ಓದಿ ಹೇಳೂ ಮುಂದ ಹತ್ತರಾಗ ಇಬ್ಬರು, ಹಂಗಲ್ರೀ ಅಂತಾರ. ತಾವ ಆಡಿದ ಮಾತು ತಿರುಗಿ ಕಿವಿಗೆ ಬಿದ್ದಾಗ ಬ್ಯಾರೆನ ಕೇಳಸ್ತೈತಿ" ಎಂದರು ಅಪ್ಪ. ನನ್ನ ವೃತ್ತಿಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಆಮೇಲೆ ನಾನು ಕೇಳುವುದನ್ನು ಕಲಿತೆ. ಚಿತ್ರ ಅಂಗಡಿಯ ಗೋಡೆಗೋ, ಪೇಪರಿನ ಜಾಹೀರಾತಿಗೋ, ಫೋನಿನ ಪರದೆಗೋ? ಅಂಗೈಯಗಲದ ಪರದೆಯಲ್ಲಿ ಸಣ್ಣ ಬುಟ್ಟಾ ಕಾಣುವುದೇ ಇಲ್ಲ. ಕೊಳ್ಳುವವರು ಯಾರು, ಉಡುವವರು ಯಾರು? ಎಷ್ಟೋ ಸಲ ಇವರು ಬೇರೆ ಬೇರೆ. ಕೊನೆಯ ಮಾತು ಯಾರದು? ಈ ಪ್ರಶ್ನೆಗೆ ಮಾತ್ರ ನೇರ ಉತ್ತರ ಸುಲಭಕ್ಕೆ ಸಿಗದು.

ಎಲ್ಲಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು, ನಿಮಗೆ ಏನು ಬೇಡ ಎಂಬ ಪ್ರಶ್ನೆ. ಸೀರೆ ಅಂಗಡಿಯಲ್ಲಿ ಕೂತು ನೋಡಿ. ತನಗೆ ಬೇಕಾದ ಸೀರೆ ಹೀಗೇ ಇರಬೇಕೆಂದು ವಿವರಿಸುವ ಹೆಂಗಸರು ಅಪರೂಪ. ಇದು ಬೇಡ, ಅದು ಬೇಡ ಎಂದು ನಲವತ್ತು ಸೀರೆ ಸರಿಸಿದ ಮೇಲೆ ನಲವತ್ತೊಂದನೆಯದರ ಮೇಲೆ ಕೈ ನಿಲ್ಲುತ್ತದೆ. ಹಾಗಾಗಿ ನಾನು ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಇಪ್ಪತ್ತು ಚಿತ್ರ, ಬಟ್ಟೆಯ ತುಣುಕುಗಳನ್ನು ಮೇಜಿನ ಮೇಲೆ ಹರಡಿ, ಬೇಡವಾದದ್ದನ್ನು ತೆಗೆದಿಡಿ ಎನ್ನುತ್ತೇನೆ. ಉಳಿದವನ್ನು ರಟ್ಟಿಗೆ ಅಂಟಿಸಿದರೆ ಅದೇ ಮೂಡ್ ಬೋರ್ಡು. ಕಾಲೇಜಿನಲ್ಲಿ ಇದನ್ನು ಚೆಂದವಾಗಿ ಅಂಟಿಸಿದ್ದಕ್ಕೆ ಅಂಕ ಕೊಡುತ್ತಿದ್ದರು. ತೆಗೆದಿಟ್ಟ ಚಿತ್ರಗಳನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಅವನ್ನೂ ಒಂದು ಲಕೋಟೆಯಲ್ಲಿ ಹಾಕಿಟ್ಟುಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಮಗ ಫೋನ್ ಮಾಡಿದ. ಎಂಬಿಎ ಓದಿ ಅಂಗಡಿಗೆ ಬಂದು ಕೂತ ಹುಡುಗ. ಇಳಕಲ್ ಸೀರೆಯನ್ನು ಕಾಲೇಜು ಹುಡುಗಿಯರಿಗೆ, ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಫೋನಿನ ಮೂಲಕವೇ ಮಾರಬೇಕೆಂಬ ಆಸೆ. ಶರ್ಟಿನ ಮೇಲೆ ಸೀರೆ, ಕಾಲಿಗೆ ಬಿಳಿ ಬೂಟು, ಸೀರೆ ಕತ್ತರಿಸಿ ಹೊಲಿದ ಲಂಗ, ಒಟ್ಟು 12 ಬಗೆ ಬೇಕು. ಕೊನೆಗೆ ಮೆಲ್ಲಗೆ, "ಅಪ್ಪಾರಿಗೆ ಏನೂ ಕೇಳಬ್ಯಾಡ್ರಿ ಮೇಡಂ, ನಾನ ಎಲ್ಲಾ ನೋಡ್ಕೋತೀನಿ" ಎಂದ. ಹಣ ಯಾರು ಕೊಡುತ್ತಾರೆ ಎಂದೆ. "ಅಪ್ಪಾರು" ಎಂದ. ನಾನು ಅವತ್ತೇ ರಾತ್ರಿ ಬಸ್ಸು ಹತ್ತಿದೆ.

ಸಾವ್ಕಾರರು ಗಾದಿಯ ಮೇಲೆ ಕೂತಿದ್ದರು. ಮಗ ದೂರ ನಿಂತಿದ್ದ. ನಿಮಗೆ ಏನು ಬೇಡ ಎಂದು ಕೇಳಿದೆ. ಅವರು ಉತ್ತರ ಕೊಡುವ ಬದಲು ಒಂದು ಸೀರೆ ತರಿಸಿ ಸೆರಗನ್ನು ನನ್ನ ಮಡಿಲಿಗೆ ಹಾಕಿ, "ಬೆರಳ ಆಡಿಸಿ ನೋಡವಾ" ಎಂದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದು, ನಡುವೆ ಬಿಳಿಯ ತೋಪು ತೆನೆಯ ಸಾಲು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗೆ ಕೂಡಿಸಬೇಕಾದ್ದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧ ಮಾಡಬೇಕು. ವಿದ್ಯುತ್ ಮಗ್ಗದಲ್ಲಿ ಅದೇ ಬಣ್ಣ, ಅದೇ ದಡಿಯ ಅಗ್ಗದ ಸೀರೆಗಳು ಬರುತ್ತವೆ, ಅವುಗಳಲ್ಲಿ ಕೊಂಡಿ ಇರುವುದಿಲ್ಲ. "ಇದನ್ನ ಮುಚ್ಚಿದ್ರ ನಮ್ಮ ಸೀರಿನೂ ಅದೂ ಒಂದ ಆತು. ಆಮ್ಯಾಲೆ ಇಷ್ಟ್ಯಾಕ ರೊಕ್ಕ ಅಂತ ಗಿರಾಕಿ ಕೇಳಿದ್ರ ಏನ ಹೇಳ್ಲಿ?"

ಮಗ, "ಕಾಲೇಜ್ ಹುಡುಗ್ಯಾರು ಕೊಂಡಿ ನೋಡಿ ಸೀರಿ ತಗೊಳ್ಳೂದಿಲ್ಲಪ್ಪಾ" ಎಂದ. ಅವನ ಮಾತೂ ಸುಳ್ಳಲ್ಲ. ಮಗನ ಪಕ್ಷ ವಹಿಸಿದ್ದರೆ ನನಗೆ ಚೆಂದದ ಚಿತ್ರಗಳು ಸಿಗುತ್ತಿದ್ದವು, ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅತ್ತಲೇ ಇತ್ತು. ಆದರೆ 18 ಸಾವಿರ ನೆನಪಿತ್ತು.

ಶರ್ಟು ಯಾಕೆ ಬೇಕು ಎಂದು ಅವನನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ಸೀರಿ ಉಡಾಕ ಬರೂದಿಲ್ಲ, ಅದಕ್ಕ ತಕ್ಕ ಕುಪ್ಪಸ ಇಲ್ಲ ಅಂತ ಹುಡುಗ್ಯಾರು ಹಿಂಜರಿತಾರ. ಮನ್ಯಾಗಿದ್ದ ಅಂಗಿ ಮ್ಯಾಲೆ ಉಟ್ರೂ ನಡೀತೈತಿ ಅಂತ ತೋರಸಬೇಕು" ಎಂದ. ಹಾಗಾದರೆ ಅವನಿಗೆ ಬೇಕಾದದ್ದು ಶರ್ಟಲ್ಲ, ಆ ಹಿಂಜರಿಕೆ ಹೋಗಬೇಕು. ಸಾವ್ಕಾರರ ಕಡೆ ತಿರುಗಿ, ಶರ್ಟು ನಿಮಗೆ ಬೇಡವೇ ಎಂದೆ. ಅವರು ನಕ್ಕುಬಿಟ್ಟರು. "ಯಾಕ ಬ್ಯಾಡ? ನಮ್ಮ ಹೆಣ್ಮಕ್ಕಳು ಹೊಲಕ್ಕ ಹೋಗೂ ಮುಂದ ಗಂಡಸರ ಅಂಗಿ ಹಾಕ್ಕೊಂಡ ಹೋಗ್ತಾರಲ್ಲ." ಮಗ ನನ್ನ ಮುಖ ನೋಡಿದ. ಇಷ್ಟು ದಿನ ಅಪ್ಪ ಮಗ ಜಗಳವಾಡಿದ್ದು ಶರ್ಟಿಗಾಗಿ, ಅಡ್ಡಿ ಇದ್ದದ್ದು ಬೇರೆಯದಕ್ಕೆ. ಸೀರೆಗೆ ಕತ್ತರಿ ಹಾಕಕೂಡದು, ಬೂಟು ದಡಿಗೆ ತಾಗಕೂಡದು, ಸೆರಗು ಮುದುಡಕೂಡದು. ಇಷ್ಟೇ.

ಲಂಗ ಬಿಟ್ಟೆವು. ಬೂಟಿಗೆ ಸಾವ್ಕಾರರು ಬಹಳ ಹೊತ್ತು ಒಪ್ಪಲಿಲ್ಲ. ಹೊಲದ ಕೆಲಸದವರಂತೆ ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಉಡಿಸುತ್ತೇನೆ, ದಡಿ ತಾಗುವುದಿಲ್ಲ ಎಂದು ಅಲ್ಲೇ ಒಬ್ಬ ಹುಡುಗಿಗೆ ಉಡಿಸಿ ತೋರಿಸಿದ ಮೇಲೆ ಎರಡು ಚಿತ್ರಕ್ಕೆ ಹೂಂ ಎಂದರು. 12 ಬಗೆ ಒಂದು ದಿನದಲ್ಲಿ ಆಗುವ ಮಾತಲ್ಲ. ಉಡಿಸಿ, ತಲೆ ಬಾಚಿಸಿ, ಚಿತ್ರ ತೆಗೆಯುವ ಹೊತ್ತಿಗೆ ಒಂದಕ್ಕೆ ಒಂದು ತಾಸು ಹಿಡಿಯುತ್ತದೆ. ಎಂಟಕ್ಕೆ ಇಳಿಸಿದೆ. ಹಿನ್ನೆಲೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಯೇ ಬೇಕೆಂಬ ನನ್ನ ಹಟವನ್ನು ವ್ಯಾನಿನ ಬಾಡಿಗೆ ಲೆಕ್ಕ ಹಾಕಿ ಅಪ್ಪ ಮಗ ಇಬ್ಬರೂ ಸೇರಿ ಹೊಡೆದುಹಾಕಿದರು. ಅವರು ಅವತ್ತು ಒಮ್ಮತದಿಂದ ತೆಗೆದುಕೊಂಡ ಮೊದಲ ತೀರ್ಮಾನ ಅದು. ಆ ಗಣಿಯ ಬಗ್ಗೆ ನನಗೆ ಈಗಲೂ ಮನಸ್ಸು ಮುರಿದಿದೆ.

ಆಮೇಲೆ ಹಣದ ಮಾತು. "ನೂರಕ್ಕ ಹತ್ತು ಬಿಡವಾ" ಎಂದರು. ಹಣ ಬಿಡುವುದಿಲ್ಲ, ಬೇಕಾದರೆ ಎಂಟರಲ್ಲಿ ಒಂದು ಚಿತ್ರ ಬಿಡುತ್ತೇನೆ, ಅಷ್ಟು ಹಣ ಕಡಿಮೆ ಕೊಡಿ ಎಂದೆ. ಮೊದಮೊದಲು ನಾನು ಹಣವನ್ನೇ ಇಳಿಸುತ್ತಿದ್ದೆ. ಕೆಲಸ ಅಷ್ಟೇ ಉಳಿಯುತ್ತಿತ್ತು, ಮುಂದಿನ ಸಲ ಆ ಇಳಿಸಿದ ದರವೇ ನನ್ನ ದರವಾಗುತ್ತಿತ್ತು. ಅವರು ಕನ್ನಡಕದ ಮೇಲಿನಿಂದ ನೋಡಿ, "ವ್ಯಾಪಾರಸ್ಥರ ಮಗಳೇನು?" ಎಂದರು. "ಅಲ್ರಿ, ಕೋರ್ಟ್ ಗುಮಾಸ್ತರ ಮಗಳು" ಎಂದೆ. ಎಂಟು ಚಿತ್ರ, ಅರ್ಧ ಹಣ ಮುಂಗಡ ಎಂದಾಯಿತು. ಸೀರೆಗೆ ಬಣ್ಣ ತಾಗಿ ಹೋಗದಿದ್ದರೆ ಅದರ ಬೆಲೆ ನನ್ನದು ಎಂದು ನಾನೇ ಸೇರಿಸಿದೆ.

ಎಲ್ಲವನ್ನೂ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದು ಗಟ್ಟಿಯಾಗಿ ಓದಿದೆ. "ಆರು ಚಿತ್ರಗಳಲ್ಲಿ ಸೆರಗು ಪೂರ್ತಿ ಕಾಣಬೇಕು" ಎಂಬಲ್ಲಿಗೆ ಬಂದಾಗ ಸಾವ್ಕಾರರು ಕೈಯೆತ್ತಿ, "ಹಂಗಲ್ರೀ" ಎಂದರು. ಆರಲ್ಲ, ಎಂಟೂ. ಮಗ ಸಿಡುಕಿದ. ಮತ್ತೆ ಅರ್ಧ ತಾಸು. ಕಡೆಗೆ ಆರರಲ್ಲಿ ಪೂರ್ತಿ ಸೆರಗು, ಬೂಟಿನ ಎರಡರಲ್ಲಿ ಕೊಂಡಿ ಕೂಡಿದ ಜಾಗವಾದರೂ ಕಾಣಬೇಕು ಎಂದು ತಿದ್ದಿದೆ. ಇಬ್ಬರೂ ಸಹಿ ಹಾಕಿದರು. ಈ ಮಾತು ಫೋಟೋ ತೆಗೆದ ಮೇಲೆ ಹೊರಟಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ನಿಮಗೇ ಗೊತ್ತು.

ಮುಂದಿನ ತಿಂಗಳು ಫೋಟೋ ತೆಗೆದಾಗ ಒಂದು ಸೀರೆಗೆ ಲಿಪ್‌ಸ್ಟಿಕ್ ತಾಗಿತು. ಎಷ್ಟು ಒರೆಸಿದರೂ ಹೋಗಲಿಲ್ಲ. ನನ್ನ ಹಣದಲ್ಲಿ ಅದರ ಬೆಲೆ ಮುರಿದುಕೊಂಡರು. ಯಾರೂ ದನಿ ಎತ್ತಲಿಲ್ಲ. ಆ ಸೀರೆ ಈಗ ಅಮ್ಮನ ಹತ್ತಿರ ಇದೆ. ಕಲೆ ನಿರಿಗೆಯೊಳಗೆ ಹೋಗುವಂತೆ ಉಡುತ್ತಾಳೆ. ಎಂಟರಲ್ಲಿ ಹೆಚ್ಚು ಜನ ಮೆಚ್ಚಿದ್ದು ಬೂಟಿನ ಚಿತ್ರವನ್ನು ಎಂದು ಮಗ ಫೋನ್ ಮಾಡಿದ್ದ. ಹೆಚ್ಚು ಜನ ಕೊಂಡದ್ದು ಸೆರಗು ಹರಡಿದ ಚಿತ್ರದ ಸೀರೆಯನ್ನು ಎಂದು ಮರುದಿನ ಸಾವ್ಕಾರರು ಫೋನ್ ಮಾಡಿದರು.

ಸಹಿಯಾದ ಆ ಪುಟವನ್ನು ಅವತ್ತೇ ಸಂಜೆ, ಬಸ್ಸು ಹತ್ತುವ ಮೊದಲು, ಫೋನಿನಲ್ಲಿ ಚಿತ್ರ ತೆಗೆದು ಅಪ್ಪನಿಗೆ ಕಳಿಸಿದ್ದೆ. ಬಹಳ ಹೊತ್ತು ಉತ್ತರವಿಲ್ಲ. ಆಮೇಲೆ ಅಪ್ಪನೇ ಫೋನ್ ಮಾಡಿದರು. ಪೂರ್ತಿ ಓದಿದ್ದರು. ಸೆರಗಿನ ಕಲಮು ತಿದ್ದಿದ ಕಡೆ ಇಬ್ಬರ ಪುಟ್ಟ ಸಹಿ ತೆಗೆದುಕೊಂಡದ್ದು ಚಲೋ ಆಯಿತು ಎಂದರು.

"ಎಲ್ಲಾ ಬರೋಬ್ಬರಿ ಐತಿ. ತಾರೀಖ ಎಲ್ಲಿ?"

ಬಸ್ಸು ಆಗಲೇ ಕುಷ್ಟಗಿ ದಾಟಿತ್ತು.