ಸಮುದ್ರ ದಂಡೆಯ ಗೋಮಾಳ

ಭಾನುವಾರ ಬೆಳಿಗ್ಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿಗೆ ಹೋದಾಗ ಅಲ್ಲಿ ಒಬ್ಬ ಆಟಗಾರನೂ ಇರಲಿಲ್ಲ. ನಾಯಿಗಳಿದ್ದವು. ಕೂಸಿನ ಗಾಡಿ ತಳ್ಳಿಕೊಂಡು ಒಬ್ಬ ತಾಯಿ ಆಟದ ಹುಲ್ಲಿನ ಮೇಲೆಯೇ ನಡೆದು ಹೋದಳು. ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯ ಮೇಲೆ ಇಬ್ಬರು ಮಕ್ಕಳು ಕೂತು ಕಾಲಾಡಿಸುತ್ತಿದ್ದರು. ಜಗತ್ತಿನ ಗಾಲ್ಫ್ ಆಟಗಾರರು ಒಮ್ಮೆಯಾದರೂ ಆಡಬೇಕೆಂದು ಹಂಬಲಿಸುವ ಈ ನೆಲ ಭಾನುವಾರ ಊರವರ ಪಾರ್ಕು. ಬೇಲಿ, ಗೇಟು, ಕಾವಲುಗಾರರ ಗಾಲ್ಫ್ ಮೈದಾನಗಳನ್ನೇ ಕಂಡಿದ್ದ ನನಗೆ ನಮ್ಮ ಹಳ್ಳಿಗಳ ಗೋಮಾಳ ನೆನಪಾಯಿತು.

ನೆನಪಾದದ್ದು ತಪ್ಪೂ ಅಲ್ಲ. ಕಡಲಿಗೂ ಹೊಲಗಳಿಗೂ ನಡುವೆ ಉಳಿದ, ಉಳುಮೆಗೆ ಒಗ್ಗದ ಮರಳುನೆಲಕ್ಕೇ ಇಲ್ಲಿ ಲಿಂಕ್ಸ್ ಎನ್ನುತ್ತಾರೆ. ಅದರ ಮೇಲೆ ಗಾಲ್ಫ್ ಆಡಲು ಊರವರಿಗಿರುವ ಹಕ್ಕನ್ನು 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಬರಹದಲ್ಲೇ ಒಪ್ಪಿದ್ದರು. 1797ರಲ್ಲಿ ಊರಿನ ಬೊಕ್ಕಸ ಬರಿದಾಗಿ ನೆಲ ಮೊಲದ ವ್ಯಾಪಾರಿಗಳ ಪಾಲಾಯಿತು. ಮೊಲಗಳು ತೋಡಿದ ಬಿಲಗಳ ನಡುವೆ ಆಡುವುದು ಹೇಗೆ? ಜಗಳ, ಕೋರ್ಟು, ಹೊಡೆದಾಟ ಎಲ್ಲ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಇದನ್ನು ಕೊಂಡು ಗಾಲ್ಫಿಗೇ ಉಳಿಸಿದ. ಆ ಪುಣ್ಯಾತ್ಮನನ್ನು ನೆನೆಯದೆ ಇಲ್ಲಿ ಹೆಜ್ಜೆ ಇಡಬಾರದು.

ಇಲ್ಲಿ ಆಡುವವರನ್ನು ಆರಿಸಲು ಚೀಟಿ ಎತ್ತುವಾಗ ನನ್ನ, ಗೆಳೆಯನ ಹೆಸರು ಬಂದಿತ್ತು. ಸೋಮವಾರ ಮೊದಲ ಹೊಡೆತ ಹೊಡೆಯುವ ಟೀಯಲ್ಲಿ ನಿಂತಾಗ ಕೈ ತಣ್ಣಗಾಗಿತ್ತು. ಕಾಲಡಿಯ ಹುಲ್ಲು ಎಷ್ಟು ಗಿಡ್ಡ, ಎಷ್ಟು ಗಟ್ಟಿ! ಚೆಂಡು ಬಿದ್ದಲ್ಲಿ ನಿಲ್ಲದೆ ಪುಟಿದು, ಕಣ್ಣಿಗೇ ಕಾಣದ ಇಳಿಜಾರು ಹುಡುಕಿಕೊಂಡು ಉರುಳುತ್ತದೆ. ಮೂವತ್ತು ಗಜ ದೂರದಿಂದ ನಾನು ಚೆಂಡನ್ನು ಮೇಲೆತ್ತಲು ಹೊರಟರೆ ನನ್ನ ಚೀಲ ಹೊತ್ತಿದ್ದ ಕ್ಯಾಡಿ ಕೈಯಲ್ಲಿದ್ದ ಕೋಲು ಕಸಿದುಕೊಂಡು, ಚೆಂಡನ್ನು ನೆಲದ ಮೇಲೆ ಉರುಳಿಸುವ ಪಟ್ಟರ್ ಕೊಟ್ಟ. "ನೆಲವೇ ಒಯ್ಯುತ್ತದೆ, ಬಿಡಿ" ಎಂದ. ನಿಜಕ್ಕೂ ನೆಲವೇ ಒಯ್ದಿತು.

ಮೊದಲು ಇಲ್ಲಿ ಒಂದು ಸುತ್ತಿಗೆ 22 ಹೋಲ್. 1764ರಲ್ಲಿ ಆರಂಭದ ನಾಲ್ಕು ಚಿಕ್ಕ ಹೋಲ್‌ಗಳನ್ನು ಎರಡಾಗಿಸಿದರು. ಹೋಗುವಾಗಲೂ ಬರುವಾಗಲೂ ಅವನ್ನೇ ಆಡುತ್ತಿದ್ದುದರಿಂದ ಲೆಕ್ಕ 18ಕ್ಕೆ ಇಳಿಯಿತು. ಮುಂದೆ ಲೋಕವೆಲ್ಲ ಅದನ್ನೇ ಹಿಡಿಯಿತು. ಹೋಗುವವರೂ ಬರುವವರೂ ಹಂಚಿಕೊಳ್ಳುವ, ಗುಳಿಗಳ ಸುತ್ತಲಿನ ನುಣುಪು ಹುಲ್ಲಿನ ಏಳು ದೊಡ್ಡ ಗ್ರೀನ್‌ಗಳು ಈಗಲೂ ಇವೆ. ಹಂಚಿಕೊಂಡ ಎರಡು ಹೋಲ್‌ಗಳ ಸಂಖ್ಯೆ ಕೂಡಿಸಿ ನೋಡಿ, ಪ್ರತಿ ಸಲವೂ 18!

ಹನ್ನೊಂದನೆಯ ಹೋಲ್‌ನಲ್ಲಿ ಈಡನ್ ನದಿಮುಖದ ಗಾಳಿ ನನ್ನ ಚೆಂಡನ್ನು ಬಂಕರ್ ಎಂಬ ಮರಳುಗುಂಡಿಗೆ ಕೆಡವಿತು. ಇಳಿದು ನಿಂತರೆ ಎದುರಿಗೆ ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪದರ ಪದರವಾಗಿ ಪೇರಿಸಿದ ಗೋಡೆ. ಹೆಂಟೆಗಳ ಸಂದಿಯಲ್ಲಿ ಒಣಬೇರುಗಳು ಎಳೆಎಳೆಯಾಗಿ ಇಣುಕುತ್ತಿದ್ದವು. ಮೇಲೆ ಆಕಾಶದ ತುಂಡು ಬಿಟ್ಟರೆ ಏನೂ ಇಲ್ಲ. 1921ರ ಓಪನ್ ಪಂದ್ಯಾವಳಿಯಲ್ಲಿ ಇದೇ ಹೋಲ್‌ನ ಬಂಕರಿನಲ್ಲಿ ಸಿಕ್ಕಿಕೊಂಡು ಅಮೆರಿಕದ ಆಟಗಾರ ಬಾಬಿ ಜೋನ್ಸ್ ಬೇಸತ್ತು ಆಟವನ್ನೇ ಕೈಬಿಟ್ಟಿದ್ದರು. ಆದರೂ ಮರಳಿ ಬಂದರು, 1927ರಲ್ಲಿ ಇಲ್ಲೇ ಗೆದ್ದರು. 1958ರಲ್ಲಿ ಊರು ಅವರನ್ನು ತನ್ನ ಮಗನೆಂದು ಗೌರವಿಸಿತು. ಮೂರನೇ ಹೊಡೆತಕ್ಕೆ ನನ್ನ ಚೆಂಡು ಮರಳಿನ ಜೊತೆ ಹಾರಿ ಹೊರಬಿದ್ದಾಗ ಗಂಟಲು ಕಟ್ಟಿತು.

ಕೊನೆಯ ಹೋಲ್. ಮಕ್ಕಳು ಕೂತಿದ್ದ ಸೇತುವೆ ದಾಟಲು ಹೊರಟವರು ತಡೆದು ನಿಂತೆವು. ಮುಂದೆ ಹುಲ್ಲನ್ನು ಸೀಳಿಕೊಂಡು ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ಹಾದಿ ಕಡಲಿನತ್ತ ಹೋಗುತ್ತದೆ. ಚೀಲ ಹಿಡಿದ ಮುದುಕಿಯೊಬ್ಬರು ಅದರಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದರು. ಕ್ಯಾಡಿ ಚೀಲವನ್ನು ನೆಲಕ್ಕಿಳಿಸಿ, "ದಾರಿ ಅವರದು" ಎಂದ. ಅವರು ದಾಟುವವರೆಗೂ ನಾನು ಕೋಲು ಊರಿಕೊಂಡು ನಿಂತಿದ್ದೆ.